ಹೈಪೋ ಕ್ಯಾನ್ ಉಬ್ಬಿದೆ, ಡೋಸಿಂಗ್ ಪಂಪ್ ಏರ್‌ಲಾಕ್ ಆಗುತ್ತಿದೆ

ಪ್ರಶ್ನೆ:
ನೀರು ಶುದ್ಧೀಕರಣ ಘಟಕಕ್ಕೆ ರೋಗಾಣು ಕೊಲ್ಲುವ 12% ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ (ಹೈಪೋ) ಕ್ಯಾನ್‌ಗಳಲ್ಲಿ ಬರುತ್ತದೆ. ತಗಡಿನ ಶೆಡ್‌ನಲ್ಲಿಟ್ಟ ಎರಡು ಕ್ಯಾನ್‌ಗಳ ಪಕ್ಕೆ ಉಬ್ಬಿದೆ. ವಾಸನೆ ಬರುತ್ತದೆಂದು ಮುಚ್ಚಳದ ತೂತಿಗೆ ಯಾರೋ ಟೇಪ್ ಹಚ್ಚಿದ್ದಾರೆ. ಹೈಪೋವನ್ನು ಅಳತೆಯಂತೆ ನೀರಿಗೆ ಬಿಡುವ ಡೋಸಿಂಗ್ ಪಂಪ್ ಕೂಡ ಆಗಾಗ ಏರ್‌ಲಾಕ್ ಆಗಿ (ಒಳಗೆ ಗಾಳಿ ಸಿಕ್ಕಿಕೊಂಡು) ನಿಲ್ಲುತ್ತದೆ. ಎರಡಕ್ಕೂ ಸಂಬಂಧ ಇದೆಯೇ?

ಉತ್ತರ:
ಇದೆ ಸರ್, ಎರಡಕ್ಕೂ ಆಮ್ಲಜನಕವೇ ಕಾರಣ. ಹೈಪೋ ಸುಮ್ಮನೆ ಇಟ್ಟಲ್ಲೇ ವಿಘಟನೆಯಾಗಿ ಸ್ವಲ್ಪ ಸ್ವಲ್ಪ ಆಮ್ಲಜನಕ ಬಿಡುತ್ತಿರುತ್ತದೆ. ಬಿಸಿ 10 ಡಿಗ್ರಿ ಏರಿದರೆ ಆ ವೇಗ ಮೂರು-ನಾಲ್ಕು ಪಟ್ಟಾಗುತ್ತದೆ. ತಾಮ್ರ, ನಿಕಲ್‌ನ ಅಂಶ ಸೇರಿದರೆ ಆಮ್ಲಜನಕ ಹೆಚ್ಚು ಹುಟ್ಟುತ್ತದೆ. ಅದು ಹೊರಹೋಗಲೆಂದೇ ಆ ತೂತು ಇರುವುದು.

ಕ್ಯಾನ್ ಮುಟ್ಟಿದರೆ ಸುಡುತ್ತಿದ್ದರೆ ಅಥವಾ ಬುಸ್ ಎನ್ನುತ್ತಿದ್ದರೆ ಎಲ್ಲರನ್ನೂ ದೂರ ಕಳಿಸಿ, ಕೈ ಹಾಕಬೇಡಿ. ಇಲ್ಲದಿದ್ದರೆ ಗಾಗಲ್ಸ್, ಅದರ ಮೇಲೆ ಫೇಸ್ ಶೀಲ್ಡ್, ನಿಯೋಪ್ರೀನ್ ಗ್ಲೌಸ್, ಏಪ್ರನ್ ಹಾಕಿಕೊಂಡು, ಕ್ಯಾನ್ ಅಲುಗಾಡಿಸದೆ ಹೊರಮೈಗೆ ನೀರು ಬಿಟ್ಟು ತಣ್ಣಗಾಗಿಸಿ. ಆಮೇಲೆ ಮುಖ ಪಕ್ಕಕ್ಕಿಟ್ಟು ಟೇಪ್‌ನ ಒಂದು ತುದಿಯನ್ನಷ್ಟೇ ಬಿಡಿಸಿ, ಗಾಳಿ ಇಳಿಯುವವರೆಗೆ ಕಾಯಿರಿ.

ಪಂಪ್‌ಗೆ ಬಂದರೆ, ಟ್ಯಾಂಕ್ ಪಂಪ್‌ಗಿಂತ ಮೇಲಿರಲಿ, ಸಕ್ಷನ್ ಪೈಪ್ ಗಿಡ್ಡವಿರಲಿ, ಪಂಪ್ ಹೆಡ್‌ಗೆ ಗ್ಯಾಸ್ ಬಿಡುವ ವಾಲ್ವ್ ಹಾಕಿಸಿ. ಲೈನ್‌ನಲ್ಲಿ ಹಿತ್ತಾಳೆ ಅಥವಾ ಸ್ಟೀಲ್ ಫಿಟಿಂಗ್ ಇದ್ದರೆ ಪಿವಿಸಿಗೆ ಬದಲಿಸಿ. ಬಹಳ ಜನ ಗಮನಿಸದ ಜಾಗ ಬಾಲ್ ವಾಲ್ವ್: ಮುಚ್ಚಿದಾಗ ಬಾಲ್‌ನೊಳಗೆ ಸಿಕ್ಕಿಬಿದ್ದ ಹೈಪೋ ಅಲ್ಲೇ ಗ್ಯಾಸ್ ಬಿಟ್ಟು ವಾಲ್ವ್ ಸಿಡಿಯಬಹುದು. ಬಾಲ್‌ಗೆ ಸಣ್ಣ ತೂತು ಕೊರೆದ ವಾಲ್ವ್ ಸಿಗುತ್ತದೆ. ಮುಚ್ಚಿದಾಗ ಆ ತೂತು ಟ್ಯಾಂಕ್ ಕಡೆಗೇ ಇರುವಂತೆ ಕೂರಿಸಿ.

ಪ್ರಶ್ನೆ:
ಟೇಪ್ ತೆಗೆದೆವು, ಪಕ್ಕೆ ಇಳಿದಿದೆ. ಅದೇ ಶೆಡ್‌ನಲ್ಲಿ ನೀರಿನ ಕೆಸರು ತಿಳಿಯಾಗಿಸುವ ಪಾಲಿ ಅಲ್ಯೂಮಿನಿಯಂ ಕ್ಲೋರೈಡ್ ಕೂಡ ಇದೆ, ತೊಂದರೆಯಿಲ್ಲ ತಾನೇ?

ಇನ್ನೊಬ್ಬರ ಉತ್ತರ:
ಉಬ್ಬಿದ ಕ್ಯಾನ್‌ಗಿಂತ ದೊಡ್ಡ ಅಪಾಯ ಇದು, ದಯವಿಟ್ಟು ಇವತ್ತೇ ಬೇರ್ಪಡಿಸಿ. ಅದು ಆಮ್ಲೀಯ. ಹೈಪೋಗೆ ಬೆರೆತರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ನಡುವೆ ಜಾಗ ಬಿಟ್ಟರೆ ಸಾಲದು. ಸೋರಿದ್ದು ಒಂದೇ ಚರಂಡಿಗೆ ಹರಿಯದಂತೆ ಎರಡಕ್ಕೂ ಬೇರೆ ಬೇರೆ ಕಟ್ಟೆ ಕಟ್ಟಿಸಿ. ಒಂದರ ಹೋಸ್ ಇನ್ನೊಂದಕ್ಕೆ ಕೂರದಂತೆ ಕಪ್ಲಿಂಗ್ ಅಳತೆ ಬೇರೆಯಿಡಿ. ಟ್ಯಾಂಕ್ ತುಂಬಿಸುವಾಗಿನ ಗೊಂದಲದಲ್ಲೇ ಇಂಥ ಅನಾಹುತ ಆಗುವುದು.

ಚೆಲ್ಲಿದ ಹೈಪೋಗೆ ಮರದ ಹೊಟ್ಟು ಹಾಕಬೇಡಿ, ಬೆಂಕಿ ಹತ್ತಬಹುದು. ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ನೀರು ಬಿಟ್ಟು ತೊಳೆದು ವೈದ್ಯರ ಬಳಿ ಕರೆದೊಯ್ಯಿರಿ.

ದಾಸ್ತಾನು ಹೆಚ್ಚು ದಿನ ಇಡಬೇಕಿದ್ದರೆ 6%ಗೆ ತೆಳುಮಾಡಿ. ವಿಘಟನೆಯ ವೇಗ ಕಾಲು ಭಾಗಕ್ಕಿಂತ ಕೆಳಗಿಳಿಯುತ್ತದೆ. ಮೃದು ನೀರನ್ನೇ ಬಳಸಿ. ಗಡಸು ನೀರಾದರೆ ಸುಣ್ಣ ಕಟ್ಟಿ ಪಂಪ್‌ನ ವಾಲ್ವ್ ಕಚ್ಚಿಕೊಳ್ಳುತ್ತದೆ.