22 ವರ್ಷ ಬಿಟ್ಟು ಮತ್ತೆ ಟ್ಯಾಂಕ್ ಕಿಟ್ ಜೋಡಿಸಬೇಕು ಅಂತಿದ್ದೇನೆ, ಅನುಭವ ಇದ್ದವರು ಹೇಳಿ

ಶಿರಸಿಯಿಂದ, ಪ್ರಶ್ನೆ

ನಮಸ್ಕಾರ. ಕಾಲೇಜಿನಲ್ಲಿದ್ದಾಗ ನನಗೆ ಪ್ಲಾಸ್ಟಿಕ್ ಕಿಟ್ ಜೋಡಿಸುವ ಹುಚ್ಚಿತ್ತು. ಟ್ಯಾಂಕು, ಜೀಪು, ಸೇನೆಯ ಲಾರಿ, ಅಂಥವೇ. ಭಟ್ಕಳದ ಗೆಳೆಯನ ಅಣ್ಣ ದುಬೈನಿಂದ ಊರಿಗೆ ಬರುವಾಗೆಲ್ಲ ಒಂದೊಂದು ಪೆಟ್ಟಿಗೆ ತಂದುಕೊಡುತ್ತಿದ್ದರು. ಆಮೇಲೆ ಬೆಂಗಳೂರು, ಕೆಲಸ, ಮದುವೆ, ಮಕ್ಕಳು. ಕೈಗೆ ಅಂಟು ಮೆತ್ತಿಕೊಂಡು 22 ವರ್ಷ ಆಯ್ತು. ಈಗ ಊರಿಗೆ ವಾಪಸ್ ಬಂದು ತೋಟ ನೋಡಿಕೊಳ್ಳುತ್ತಿದ್ದೇನೆ. ಮೊನ್ನೆ ಮೆತ್ತಿಯಲ್ಲಿ ಅಡಿಕೆ ಚೀಲಕ್ಕೆ ಜಾಗ ಮಾಡುವಾಗ ಹಳೇ ಪೆಟ್ಟಿಗೆ ಸಿಕ್ಕಿತು. ಒಳಗೆ ಅರ್ಧ ಜೋಡಿಸಿದ ರಷ್ಯದ ಟಿ-55 ಟ್ಯಾಂಕ್, 1/35 ಅಳತೆಯದ್ದು, ಅಂದರೆ ಅಸಲಿಯ ಮೂವತ್ತೈದರಲ್ಲಿ ಒಂದು ಪಾಲು. ಜೋಡಿಸುವ ಕ್ರಮದ ಪುಸ್ತಕವನ್ನು ಒರಲೆ ತಿಂದಿದೆ. ಡೆಕಾಲ್ ಹಾಳೆ (ನೀರಿನಲ್ಲಿ ನೆನೆಸಿ ಅಂಟಿಸುವ ಅಂಕಿ, ಗುರುತುಗಳದ್ದು) ಹಳದಿಯಾಗಿದೆ. ಅಂಟಿನ ಟ್ಯೂಬ್ ಕಲ್ಲು.

ವಯಸ್ಸು 43, ಚಾಳೀಸೂ ಬಂದಿದೆ. ಇದನ್ನೇ ಮುಗಿಸಲಾ, ಹೊಸದು ತಗೊಳ್ಳಲಾ? ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇಲ್ಲದೆ ಆಗುತ್ತದಾ? ನಮ್ಮ ಕಡೆಯ ಮಳೆಗಾಲದಲ್ಲಿ ಬಣ್ಣ ಹೊಡೆಯಬಹುದಾ?

ಕಾರವಾರದಿಂದ

ನಾನೂ ನಿಮ್ಮ ಹಾಗೇ. 19 ವರ್ಷ ಬಿಟ್ಟಿದ್ದೆ, ಮತ್ತೆ ಹಿಡಿದು ಆರು ವರ್ಷ ಆಯ್ತು. ವಾಪಸ್ ಬಂದವನು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಒಂದೇ ರಾತ್ರಿ ಕೂತು ಐದು ಕಿಟ್ ಆರ್ಡರ್ ಮಾಡಿದೆ. ಹುಡುಗನಾಗಿದ್ದಾಗ ದುಡ್ಡಿಲ್ಲದೆ ಚಿತ್ರ ನೋಡಿ ಸುಮ್ಮನಾಗಿದ್ದೆನಲ್ಲ, ಅವೆಲ್ಲ ಬೇಕು ಅನ್ನಿಸಿತು. ಅದರಲ್ಲಿ ಒಂದು ಜರ್ಮನ್ ಟೈಗರ್. ಅದರ ಚೈನಿನ ಒಂದೊಂದು ಕೊಂಡಿಯನ್ನೂ ಬೇರೆಬೇರೆ ಬಿಡಿಸಿ, ಉಜ್ಜಿ, ಜೋಡಿಸಬೇಕು. ಒಂದು ಬದಿಗೆ 96, ಎರಡೂ ಬದಿ ಸೇರಿ 192. ಎಪ್ಪತ್ತನೇ ಕೊಂಡಿಗೆ ಬರುವಷ್ಟರಲ್ಲಿ ಕೈ ಸೋತು ಪೆಟ್ಟಿಗೆ ಮುಚ್ಚಿದೆ. ಎಂಟು ತಿಂಗಳು ಅತ್ತ ಮುಖ ಹಾಕಲಿಲ್ಲ.

ಮತ್ತೆ ಕೈ ಹಿಡಿದದ್ದು ಒಂದು ಜೀಪು. ಸಾದಾ ವಿಲ್ಲಿಸ್ ಜೀಪು. 1/35ರಲ್ಲಿ ಹೆಚ್ಚೆಂದರೆ ಹತ್ತು ಸೆಂಟಿಮೀಟರ್ ಉದ್ದ, ಚೈನಿನ ಗೋಳಿಲ್ಲ, ಎರಡು ವಾರದಲ್ಲಿ ಮುಗಿಯಿತು. ಚೆನ್ನಾಗೇನೂ ಬರಲಿಲ್ಲ, ಆದರೆ ಮುಗಿಯಿತು. ಅದಕ್ಕೇ ಹೇಳೋದು, ಆ ಟಿ-55 ಪೆಟ್ಟಿಗೆ ಸದ್ಯಕ್ಕೆ ಮೆತ್ತಿಯಲ್ಲೇ ಇರಲಿ. ನೆನಪು ಅಂಟಿಕೊಂಡ ಕಿಟ್ ಮೇಲೆ ಕೈ ಪಳಗಿಸೋಕೆ ಹೋಗಬೇಡಿ. ಒಂದು ಸಣ್ಣದು ತಗೊಳ್ಳಿ.

ಅಂಟಿನ ವಿಷಯ. ನಾವೆಲ್ಲ ಟ್ಯೂಬಿನ ಗಟ್ಟಿ ಅಂಟು ಒತ್ತಿ ಬಳಿದವರು. ಈಗ ನೀರಿನಂಥ ತೆಳು ಅಂಟು ಬರುತ್ತದೆ, ತಮಿಯಾ ಕಂಪನಿಯ ಹಸಿರು ಮುಚ್ಚಳದ ಬಾಟಲಿ ಎಲ್ಲರೂ ಬಳಸುವಂಥದ್ದು. ಎರಡು ಭಾಗ ಹಿಡಿದುಕೊಂಡು ಸಂದಿಗೆ ಬ್ರಷ್ ತುದಿ ತಾಗಿಸಿದರೆ ಸಾಕು, ತಾನೇ ಎಳೆದುಕೊಂಡು ಓಡುತ್ತದೆ. ಅದು ಫೆವಿಕ್ವಿಕ್ ತರ ಮೇಲೆ ಕೂತು ಹಿಡಿಯುವುದಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಹಾಗಾಗಿ ಬಣ್ಣ ಬಳಿದ ಜಾಗಕ್ಕೆ ಹಿಡಿಯುವುದಿಲ್ಲ, ಅಲ್ಲಿ ಮೊದಲು ಬಣ್ಣ ಕೆರೆಯಬೇಕು. ಅಸಿಟೋನ್ ಇರುತ್ತದೆ, ಕಿಟಕಿ ತೆಗೆದಿಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಫೆವಿಕ್ವಿಕ್ ಬೇಕಾಗುವುದು ಲೋಹ ಮತ್ತು ರೆಸಿನ್ ಭಾಗಗಳಿಗೆ. ಅದು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ನಮ್ಮ ಕರಾವಳಿಯಲ್ಲಿ ಆ ತೇವಕ್ಕೇನು ಬರ? ಹಚ್ಚುವಷ್ಟರಲ್ಲಿ ಹಿಡಿದಿರುತ್ತದೆ, ಸುತ್ತ ಬೂದಿ ಹಾಕಿದ ಹಾಗೆ ಬಿಳಿ ಕೂರುತ್ತದೆ. ಹೆಡ್‌ಲೈಟಿನ ಗಾಜಿನಂಥ ಭಾಗಕ್ಕೆ ಮಾತ್ರ ಅದನ್ನು ಮುಟ್ಟಿಸಬೇಡಿ, ಮಂಜಾಗಿಬಿಡುತ್ತದೆ. ಅದಕ್ಕೆ ಬಿಳಿ ಫೆವಿಕಾಲ್ ಒಂದು ಹನಿ.

ಹಳೇದರಲ್ಲಿ ಫೆವಿಕ್ವಿಕ್ ಹಾಕಿ ಸೊಟ್ಟ ಕೂರಿಸಿದ್ದರೆ, ಒಂದು ರಾತ್ರಿ ಫ್ರೀಜರಿನಲ್ಲಿಡಿ. ಚಳಿಗೆ ಅದು ಪೆಡಸಾಗಿ ಬೆಳಿಗ್ಗೆ ಚಟ್ ಅಂತ ಬಿಡುತ್ತದೆ. ನಮ್ಮ ಮನೆಯಲ್ಲಿ ಬಂಗಡೆ ಪಕ್ಕ ಟ್ಯಾಂಕ್ ಕಂಡು ದೊಡ್ಡ ಗಲಾಟೆಯೇ ಆಯಿತು, ಡಬ್ಬಿಯೊಳಗೆ ಹಾಕಿಡಿ.

ಇನ್ನು ಮಳೆ. ಜುಲೈ ತಿಂಗಳಲ್ಲಿ ಜಗಲಿಯಲ್ಲಿ ನಿಂತು ಸ್ಪ್ರೇ ಡಬ್ಬಿಯಿಂದ ಮೇಲಿನ ವಾರ್ನಿಶ್ ಹೊಡೆದೆ. ಆಲಿವ್ ಹಸಿರು ಟ್ಯಾಂಕ್ ಕಣ್ಣೆದುರೇ ಬೆಳ್ಳಗಾಯಿತು, ಬೂಷ್ಟು ಹಿಡಿದ ಹಾಗೆ. ಸ್ಪ್ರೇಯಲ್ಲಿರುವ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ನೀರು ಅದರ ಮೇಲೆ ಕೂತು ಒಳಗೇ ಸಿಕ್ಕಿಬೀಳುತ್ತದೆ. ಅಂದಿನಿಂದ ನನ್ನ ಲೆಕ್ಕ ಇಷ್ಟೆ: ಜೂನ್‌ನಿಂದ ಸೆಪ್ಟೆಂಬರ್ ಬರೀ ಕತ್ತರಿಸೋದು, ಉಜ್ಜೋದು, ಅಂಟಿಸೋದು. ದೀಪಾವಳಿ ಕಳೆದ ಮೇಲೆ ಸ್ಪ್ರೇ. ಮಳೆಗಾಲದಲ್ಲಿ ಬ್ರಷ್‌ನಿಂದ ಅಕ್ರಿಲಿಕ್ ಹಚ್ಚಬಹುದು, ಒಣಗೋಕೆ ತಡ ಅಷ್ಟೆ.

ಒಂದು ಸಲ ಕಾರವಾರಕ್ಕೆ ಬನ್ನಿ. ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ನಿಲ್ಲಿಸಿದ್ದಾರಲ್ಲ, ಮ್ಯೂಸಿಯಂ ಮಾಡಿರುವ ಕ್ಷಿಪಣಿ ದೋಣಿ. ಹಡಗು ನಮ್ಮ ವಿಷಯ ಅಲ್ಲ ಅಂತೀರಿ. ನಾನು ಅದನ್ನು ನೋಡೋಕೆ ಹೋಗುವುದು ಬಣ್ಣಕ್ಕೆ. ಉಪ್ಪುಗಾಳಿಗೆ ತುಕ್ಕು ಎಲ್ಲಿಂದ ಶುರುವಾಗುತ್ತದೆ, ಬೋಲ್ಟಿನ ಬುಡದಿಂದ ಹೇಗೆ ಕೆಳಗೆ ಇಳಿಯುತ್ತದೆ, ಬಿಸಿಲು ಬೀಳುವ ಕಡೆ ಬೂದು ಬಣ್ಣ ಎಷ್ಟು ಬಿಳಚುತ್ತದೆ, ಕೈ ತಾಗುವ ಅಂಚಿನಲ್ಲಿ ಎಷ್ಟು ಸವೆದಿರುತ್ತದೆ. ಫೋನಿನಲ್ಲಿ ಹತ್ತಿರದಿಂದ ಫೋಟೋ ಹೊಡೆದುಕೊಳ್ಳಿ. ವಾಪಸ್ ಬಂದ ಹೊಸತರಲ್ಲಿ ನಾವೆಲ್ಲ ತುಕ್ಕನ್ನು ಕೇಸರಿಬಾತ್ ಬಣ್ಣದಲ್ಲಿ ಬಳಿಯುತ್ತೇವೆ. ನಿಜವಾದ ತುಕ್ಕು ಹೆಚ್ಚಾಗಿ ಕಂದು, ಕೇಸರಿ ಅಂಚಿನಲ್ಲಿ ಮಾತ್ರ.

ಕುಮಟಾದಿಂದ

ಏರ್‌ಬ್ರಷ್ ಬಗ್ಗೆ ಕೇಳಿದ್ರಿ. ನಮ್ಮ ಮನೆಯಲ್ಲಿ ಚೌತಿಗೆ ಗಣಪತಿ ಮಾಡುತ್ತೇವೆ, ಹಾಗಾಗಿ ಕಂಪ್ರೆಸರ್, ಸ್ಪ್ರೇ ಗನ್ ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ಮೊದಲ ಎರಡು ಮೂರು ಮಾಡೆಲ್ ಬ್ರಷ್‌ನಲ್ಲೇ ಮಾಡಿ ಅಂತ ಹೇಳುತ್ತೇನೆ. ಏರ್‌ಬ್ರಷ್ ತಗೊಂಡವರು ಅರ್ಧ ದಿನ ಅದನ್ನು ತೊಳೆಯುವುದರಲ್ಲೇ ಕಳೆಯುತ್ತಾರೆ. 0.3 ಮಿಲಿಮೀಟರ್ ಸೂಜಿ ಅದು, ಒಂದು ಕಣ ಒಣಗಿ ಕೂತರೂ ಉಗುಳೋಕೆ ಶುರು. ಮುಂದೆ ತಗೊಂಡರೆ ಕಂಪ್ರೆಸರಿಗೆ ನೀರು ಹಿಡಿಯುವ ಟ್ರ್ಯಾಪ್ ಇರಲೇಬೇಕು. ನಮ್ಮ ಗಾಳಿಯಲ್ಲಿ ಅದು ಬಟ್ಟಲುಗಟ್ಟಲೆ ನೀರು ಹಿಡಿಯುತ್ತದೆ. ಒತ್ತಡ 15ರಿಂದ 20 ಪಿಎಸ್‌ಐ ಸಾಕು. ಹತ್ತಿರದಲ್ಲಿ ಗಣಪತಿ ಮಾಡುವವರಿದ್ದರೆ ಚೌತಿ ಮುಗಿದ ಮೇಲೆ ಅವರ ಕಂಪ್ರೆಸರ್ ಖಾಲಿ ಬಿದ್ದಿರುತ್ತದೆ, ಕೇಳಿ ನೋಡಿ, ಕೊಂಡುಕೊಳ್ಳುವ ಮೊದಲು ಕೈ ನೋಡಿಕೊಳ್ಳಬಹುದು.

ಬ್ರಷ್‌ಗೆ ವಯೆಹೊ (Vallejo) ಕಂಪನಿಯ ಅಕ್ರಿಲಿಕ್ ಬಣ್ಣ ಒಳ್ಳೆಯದು. ತಮಿಯಾ ಅಕ್ರಿಲಿಕ್ ಸ್ಪ್ರೇಗೆ ಚೆನ್ನ, ಬ್ರಷ್‌ನಲ್ಲಿ ಎರಡನೇ ಸಲ ಎಳೆದರೆ ಕೆಳಗಿನ ಪದರ ಎದ್ದು ಬರುತ್ತದೆ. ಒಂದೇ ಸಲಕ್ಕೆ ದಪ್ಪಗೆ ಬಳಿಯಬೇಡಿ. ಹಾಲಿಗೆ ನೀರು ಬೆರೆಸಿದಷ್ಟು ತೆಳುವಾಗಿ ಮೂರು ಪದರ. ಮೊದಲ ಪದರ ನೋಡಿದರೆ ಅಳು ಬರುತ್ತದೆ, ಮೂರನೇದಕ್ಕೆ ಸರಿಯಾಗುತ್ತದೆ. ಅಪ್ಪ ಗಣಪತಿಯ ಕಣ್ಣು ಬರೆಯುವಾಗ ಎರಡೂ ಮೊಣಕೈ ಮೇಜಿಗೆ ಊರಿ, ಕಿರುಬೆರಳನ್ನು ಮೂರ್ತಿಗೇ ತಾಗಿಸಿಕೊಂಡು ಬರೆಯುತ್ತಿದ್ದರು. ಕೈ ನಡುಗುವವರಿಗೆ ಅದೇ ಉಪಾಯ.

ಅಂಕೋಲೆಯಿಂದ

ಕಾರವಾರದವರ ಮಾತು ನಾನು ಒಪ್ಪುವುದಿಲ್ಲ. ಹಳೇ ಟಿ-55 ಹೇಗೂ ಅರ್ಧ ಕೆಟ್ಟಿದೆ. ಡೆಕಾಲ್ ಇಲ್ಲ, ಪುಸ್ತಕ ಇಲ್ಲ. ಹೊಸ ಕಿಟ್ ಮೇಲೆ ತಪ್ಪು ಮಾಡಿ ದುಡ್ಡು ಕಳೆಯುವ ಬದಲು ಇದರ ಮೇಲೇ ಮಾಡಿ ಮಾರಾಯ್ರೆ. ನಾನು ವಾಪಸ್ ಬಂದಾಗ ಹಾಗೇ ಮಾಡಿದ್ದು. ಕೆಡಿಸಿದರೆ ಯಾರು ಕೇಳುತ್ತಾರೆ?

ಬಿಚ್ಚಿದ ಕೂಡಲೇ ಚೈನ್ ನೋಡಿ. ಹಳೇ ಕಿಟ್‌ಗಳಲ್ಲಿ ಮೆತ್ತನೆಯ ರಬ್ಬರಿನಂಥ ಚೈನ್ ಕೊಡುತ್ತಿದ್ದರು. ಅದರಲ್ಲಿರುವ ಎಣ್ಣೆಯಂಥ ಅಂಶ ವರ್ಷಗಟ್ಟಲೆ ತಾಗಿಕೊಂಡಿದ್ದರೆ ಪ್ಲಾಸ್ಟಿಕ್ ಗಾಲಿಯನ್ನೇ ಕರಗಿಸಿ ತಿನ್ನುತ್ತದೆ. ನಿಮ್ಮದು 22 ವರ್ಷ ಮೆತ್ತಿಯ ಸೆಕೆಯಲ್ಲಿತ್ತು. ತಿಂದಿದ್ದರೆ ಹೆದರಬೇಡಿ. ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನ ಚೂರುಗಳನ್ನು ತೆಳು ಅಂಟಿನಲ್ಲಿ ನೆನೆಹಾಕಿ, ದೋಸೆ ಹಿಟ್ಟಿನ ಹದಕ್ಕೆ ಬಂದ ಮೇಲೆ ಹಳ್ಳಕ್ಕೆ ತುಂಬಿ, ಎರಡು ದಿನ ಬಿಟ್ಟು ಪಾಲಿಶ್ ಪೇಪರಿನಲ್ಲಿ ಉಜ್ಜಿ. ಅದೇ ಪ್ಲಾಸ್ಟಿಕ್ ಆದ್ದರಿಂದ ಪುಟ್ಟಿಗಿಂತ ಚೆನ್ನಾಗಿ ಸೇರುತ್ತದೆ.

ಪುಸ್ತಕ ಇಲ್ಲದಿದ್ದರೂ ನಡೆಯುತ್ತದೆ. ಸ್ಕೇಲ್‌ಮೇಟ್ಸ್ ಅನ್ನುವ ವೆಬ್‌ಸೈಟಿನಲ್ಲಿ ಎಷ್ಟೋ ಹಳೇ ಕಿಟ್‌ಗಳ ಪುಟಗಳು ಸಿಗುತ್ತವೆ. ಟಿ-55ಗೆ ಬದಿಗೆ ಐದು ದೊಡ್ಡ ಗಾಲಿ, ಮೇಲೆ ಚೈನ್ ಹೊರುವ ಸಣ್ಣ ಉರುಳೆ ಇಲ್ಲ. ಮೊದಲ ಮತ್ತು ಎರಡನೇ ಗಾಲಿಯ ನಡುವೆ ಅಂತರ ಜಾಸ್ತಿ. ಎಳೆಯುವ ಹಲ್ಲಿನ ಚಕ್ರ ಹಿಂದುಗಡೆ. ಇದನ್ನು ಹಿಂದುಮುಂದು ಕೂರಿಸಿದವರನ್ನು ನೋಡಿದ್ದೇನೆ, ಅದರಲ್ಲಿ ನಾನೂ ಒಬ್ಬ. ಇನ್ನೊಂದು, ಟಿ-55ಕ್ಕಿಂತ ಹಿಂದಿನ ಮಾದರಿ ಟಿ-54ರ ಟರೆಟ್ (ತೋಪು ಕೂರಿಸಿದ, ತಿರುಗುವ ತಲೆಭಾಗ) ಮೇಲೆ ಬಲಗಡೆ ಅಣಬೆಯಂಥ ಗಾಳಿಗೂಡು ಇರುತ್ತದೆ, ಟಿ-55ಕ್ಕೆ ಅದಿಲ್ಲ. ಕೆಲವು ಕಿಟ್‌ಗಳಲ್ಲಿ ಎರಡಕ್ಕೂ ಬೇಕಾದ ಭಾಗ ಒಟ್ಟಿಗೇ ಇರುತ್ತವೆ, ನೋಡಿ ಅಂಟಿಸಿ.

ನಮ್ಮ ಸೇನೆಯ ಟ್ಯಾಂಕ್ ಮಾಡುವ ಆಸೆ ಇದ್ದರೆ ಯಾವ ಕಾಲದ್ದು ಅಂತ ಮೊದಲು ನಿಶ್ಚಯ ಮಾಡಿ. 1971ರಲ್ಲಿ ನಮ್ಮಲ್ಲಿ ಟಿ-55 ಇತ್ತು, ಆಗ ಅದರ ತೋಪು ರಷ್ಯದ 100 ಮಿಲಿಮೀಟರಿನದ್ದು. ಆಮೇಲೆ ಎಷ್ಟೋ ಟ್ಯಾಂಕುಗಳಿಗೆ 105 ಮಿಲಿಮೀಟರಿನದು ಕೂರಿಸಿದರು, ನಳಿಗೆಯ ರೂಪವೇ ಬೇರೆ. ಮಹಾರಾಷ್ಟ್ರದ ಕಡೆ ಹೋಗುವುದಿದ್ದರೆ ಅಹ್ಮದ್‌ನಗರದ (ಈಗ ಅಹಿಲ್ಯಾನಗರ) ಟ್ಯಾಂಕ್ ಮ್ಯೂಸಿಯಂ ಬಿಡಬೇಡಿ. ಸೆಂಚುರಿಯನ್, ವಿಜಯಂತ, ಪ್ಯಾಟನ್ ಎಲ್ಲ ಪಕ್ಕದಲ್ಲೇ ನಿಂತು ನೋಡಬಹುದು. ಎರಕ ಹೊಯ್ದ ಟರೆಟ್ ಎಷ್ಟು ಒರಟಾಗಿರುತ್ತದೆ ಅಂತ ನನಗೆ ಗೊತ್ತಾದದ್ದೇ ಅಲ್ಲಿ. ಕಿಟ್‌ನಲ್ಲಿ ಅದು ಪ್ಲಾಸ್ಟಿಕ್ ಬಕೆಟ್ಟಿನಷ್ಟು ನುಣುಪು. ಈಗ ನಾನು ತೆಳು ಅಂಟು ಬಳಿದು, ಹಸಿ ಇರುವಾಗಲೇ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಕುಕ್ಕುತ್ತೇನೆ, ಎರಕದ ಒರಟು ಬರುತ್ತದೆ.

ಕಡೆಗೆ ಮಣ್ಣು. ಮನೆ ಹತ್ತಿರ ಸಮುದ್ರ ಇದೆ ಅಂತ ನಾನು ಟ್ಯಾಂಕ್ ನಿಲ್ಲಿಸೋಕೆ ಮಾಡಿದ ಮೊದಲ ಪುಟ್ಟ ದೃಶ್ಯದ ನೆಲಕ್ಕೆ ಕಡಲ ಮರಳೇ ಹಾಕಿದೆ. ಅರ್ಧ ಮಿಲಿಮೀಟರ್ ಕಾಳು 1/35ರಲ್ಲಿ ಹದಿನೇಳೂವರೆ ಮಿಲಿಮೀಟರ್ ಆಗುತ್ತದೆ, ಟ್ಯಾಂಕ್ ಚಾಲಿ ಅಡಿಕೆಯ ರಾಶಿ ಮೇಲೆ ನಿಂತ ಹಾಗೆ ಕಂಡಿತು. ಮೇಲಿಂದ ಉಪ್ಪು ಬೇರೆ, ಒಂದು ಮಳೆಗಾಲಕ್ಕೆ ಹೊರಬಂದು ಬೆಳ್ಳಗಾಯಿತು. ಚಿರೆಕಲ್ಲಿನ ಪುಡಿಯನ್ನು ಹಳೇ ಪಂಚೆಯಲ್ಲಿ ಸೋಸಿ ಬಳಸಿ, ಬೇಕಾದಷ್ಟು ನುಣ್ಣಗಿರುತ್ತದೆ. ಆದರೆ 1971ರ ಪಂಜಾಬಿನ ಟ್ಯಾಂಕಿಗೆ ಶಿರಸಿಯ ಕೆಂಪು ಬಳಿಯಬೇಡಿ. ಅದಕ್ಕೆ ಕಂದು ಸೀಮೆಸುಣ್ಣ ಅರೆದುಕೊಳ್ಳಿ. ಚೈನಿನ ಹೊಳಪಿಗೆ 6ಬಿ ಪೆನ್ಸಿಲಿನ ತುದಿ ತಿಕ್ಕಿದರೆ ಆಯ್ತು, ಅದಕ್ಕಾಗಿ ಬಾಟಲಿ ಕೊಳ್ಳುವುದು ದಂಡ.

ಹೊನ್ನಾವರದಿಂದ

ಕಣ್ಣಿನ ಬಗ್ಗೆ ಯಾರೂ ಹೇಳಲಿಲ್ಲ. ಓದುವ ಕನ್ನಡಕ ಸಾಲುವುದಿಲ್ಲ, ತಲೆಗೆ ಹಾಕಿಕೊಳ್ಳುವ ಭೂತಗನ್ನಡಿ ಬರುತ್ತದೆ, ಅದು ತಗೊಳ್ಳಿ. ಬಣ್ಣಕ್ಕಿಂತ ಮೊದಲು ಬೆಳಕಿಗೆ ದುಡ್ಡು ಹಾಕಿ, ಬಿಳಿ ಎಲ್‌ಇಡಿ ಟೇಬಲ್ ದೀಪ. ನೆಲಕ್ಕೆ ಹಳೇ ಬಿಳಿ ಬೆಡ್‌ಶೀಟ್ ಹಾಸಿಕೊಂಡು ಕೂರಿ. ಚಿಮಟದಿಂದ ಹಾರಿದ ಭಾಗ ಕೆಂಪು ನೆಲದಲ್ಲಿ ಈ ಜನ್ಮದಲ್ಲಿ ಸಿಗುವುದಿಲ್ಲ.

ಹಳದಿ ಡೆಕಾಲ್ ಎಸೆಯಬೇಡಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚಿತ್ರ ಇರುವ ಬದಿ ಹೊರಗೆ ಮುಖ ಮಾಡಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಅಂಟಿಸಿ. ಒಂದೆರಡು ವಾರಕ್ಕೆ ಹಳದಿ ಇಳಿಯುತ್ತದೆ. ನೀರಿಗೆ ಹಾಕುವ ಮೊದಲು ಮೇಲೆ ಒಂದು ಪದರ ವಾರ್ನಿಶ್ ಹಚ್ಚಿ, ಹಳೇ ಡೆಕಾಲ್ ನೀರಿನಲ್ಲಿ ಚೂರುಚೂರಾಗುತ್ತದೆ. ಹಳೇ ಬಣ್ಣ ತೆಗೆಯೋಕೆ ಡೆಟಾಲ್‌ನಲ್ಲಿ ಒಂದು ದಿನ ಮುಳುಗಿಸಿ, ಡೆಟಾಲ್‌ನಲ್ಲೇ ಬ್ರಷ್ ಮಾಡಿ. ಮೊದಲೇ ನೀರಿಗೆ ಹಿಡಿದರೆ ಬಣ್ಣ ಹಲಸಿನ ಮೇಣದ ಹಾಗೆ ಅಂಟಿಕೊಳ್ಳುತ್ತದೆ.

ಶಿರಸಿಯಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ಇಬ್ಬರ ಮಾತನ್ನೂ ಅರ್ಧರ್ಧ ಕೇಳಿದ್ದೇನೆ. ಜೀಪು ಆರ್ಡರ್ ಮಾಡಿದೆ, ಅದು ಬರುವವರೆಗೆ ಟಿ-55 ಹರವಿಕೊಂಡು ಕೂತಿದ್ದೇನೆ. ಅಂಕೋಲೆಯವರು ಹೇಳಿದ್ದು ಸರಿ, ಎರಡು ಗಾಲಿ ಬೆಲ್ಲದ ಹಾಗೆ ಕರಗಿವೆ. ಹಿಟ್ಟು ನೆನೆಹಾಕಿದ್ದೇನೆ. ಡೆಕಾಲ್ ಅಡುಗೆಮನೆ ಕಿಟಕಿಯಲ್ಲಿದೆ, ಆಯಿ ಅದು ಯಾವ ದೇವರ ಚೀಟಿ ಅಂತ ಕೇಳಿದಳು.

ಟರೆಟ್ ಮೇಲೆ ನೋಡಿದರೆ ಬಲಗಡೆ ಅಣಬೆ ಇದೆ. 21ನೇ ವಯಸ್ಸಿನಲ್ಲಿ ನಾನೇ ಅಂಟಿಸಿದ್ದು, ಪೆಟ್ಟಿಗೆ ಮೇಲೆ ದೊಡ್ಡದಾಗಿ ಟಿ-55 ಅಂತ ಬರೆದಿದ್ದರೂ. ಫ್ರೀಜರಿನಲ್ಲಿಟ್ಟೆ, ಬಿಡಲಿಲ್ಲ, ಅಂದರೆ ಅದು ಟ್ಯೂಬಿನ ಅಂಟು. ಇವತ್ತು ರಾತ್ರಿ ಬ್ಲೇಡಿನಲ್ಲಿ ಕೊಯ್ಯಬೇಕು.