ಅನೀಲಿಂಗ್‌ಗೆ ಕನ್ನಡದಲ್ಲಿ ಏನು ಬರೆಸಲಿ? (ಬೋರ್ಡಿನವರು ನಾಳೆ ಬರುತ್ತಾರೆ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಹತ್ತಿರ ನಮ್ಮದೊಂದು ಸಣ್ಣ ಘಟಕ. ಪಿಎಲ್‌ಎ ಅನ್ನೋ ಗೊಬ್ಬರವಾಗುವ ಪ್ಲಾಸ್ಟಿಕ್ಕಿನಿಂದ ಲೋಟ ಮಾಡುತ್ತೇವೆ. ಅಚ್ಚಿನಲ್ಲಿ ಬೇಗ ತಣಿದ ಲೋಟ ಗಾಜಿನ ಹಾಗೆ ತಿಳಿಯಾಗಿರುತ್ತದೆ. ಆದರೆ 60 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತದೆ. ಮೊನ್ನೆ ಬಿಸಿ ಕಾಫಿ ಹುಯ್ದೆ, ಕೈಯಲ್ಲೇ ಸೊಟ್ಟಗಾಯಿತು. ಬೇಗ ತಣಿದರೆ ಒಳಗಿನ ಅಣುಗಳ ಉದ್ದನೆಯ ಎಳೆಗಳಿಗೆ ಸಾಲಾಗಿ ಕೂರಲು ಹೊತ್ತು ಸಿಗುವುದಿಲ್ಲ. ಅದನ್ನೇ ಅಚ್ಚಿನ ಸಮೇತ 110 ಡಿಗ್ರಿ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಎಳೆಗಳು ಜೋಡಿಸಿಕೊಂಡು ಹರಳುಗಟ್ಟುತ್ತವೆ. ಲೋಟ ಬೆಳ್ಳಗಾಗುತ್ತದೆ, ಬಿಸಿ ತಡೆಯುತ್ತದೆ. ಇದಕ್ಕೇ ಇಂಗ್ಲಿಷಿನಲ್ಲಿ ಅನೀಲಿಂಗ್ ಅನ್ನುತ್ತಾರೆ. ಇದನ್ನು ಮಾಡುವ ಒಲೆಯ ಮೇಲೆ ಏನು ಬರೆಸಲಿ? ಕೆಲಸದ ಹುಡುಗರಿಗೆ ಓದಿದ ಕೂಡಲೇ ತಿಳಿಯಬೇಕು.

— ಮೈಸೂರಿನಿಂದ:
ಉಷ್ಣೋಪಚಾರ. ಒಳಗಾಗುವುದು ಸ್ಫಟಿಕೀಕರಣ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

— ತೀರ್ಥಹಳ್ಳಿಯಿಂದ:
ಏನೂ ಇಲ್ವಾ? ಹರಳು ನಮ್ಮದೇ ಪದ. ಹಳಗನ್ನಡದ ಪರಳ್, ತಮಿಳಿನಲ್ಲಿ ಇವತ್ತಿಗೂ ಪರಲ್. ಪಾಲ್ ಹಾಲಾದ ಹಾಗೆ ಪರಳ್ ಹರಳಾಯಿತು. ಅನೀಲಿಂಗ್‌ಗೆ ಹದ ಅನ್ನಿ. ಅದೂ ಹೀಗೇ 'ಪದ' ಅನ್ನೋ ಹಳೆಯ ರೂಪದಿಂದ ಬಂದದ್ದು. ಈ 'ಪದ' ಮಾತು ಅನ್ನೋ ಅರ್ಥದ ಸಂಸ್ಕೃತದ 'ಪದ' ಅಲ್ಲ, ತಮಿಳಿನ 'ಪದಂ' ಜೊತೆಗಿನದು. ಅಡುಗೆ, ಮಣ್ಣು, ಕಬ್ಬಿಣ, ಎಲ್ಲಕ್ಕೂ ಹದ ಇರುವಾಗ ಪ್ಲಾಸ್ಟಿಕ್ಕಿಗೆ ಯಾಕೆ ಬೇಡ? 'ಹದದ ಒಲೆ' ಅಂತ ಬರೆಸಿ.

— ಸಾಗರದಿಂದ:
ವ್ಯುತ್ಪತ್ತಿ ಸರಿ, ಪದ ತಪ್ಪು. ನಮ್ಮ ಕುಲುಮೆಯಲ್ಲಿ ಕತ್ತಿಗೆ ಹದ ಹಾಕೋದು ಅಂದ್ರೆ ಕೆಂಪಗೆ ಕಾಸಿ ನೀರಿಗೆ ಅದ್ದೋದು. ಚುಂಯ್ ಅಂತ ಒಂದೇ ಸಲಕ್ಕೆ ತಣಿಸೋದು. ಇವರು ಕೇಳುತ್ತಿರುವುದು ಅದರ ಉಲ್ಟಾ. ಇದಕ್ಕೆ ಹೋಲಿಕೆ ಬೇಕಾದರೆ ತುಪ್ಪ ನೋಡಿ. ಕಾಸಿದ ತುಪ್ಪ ನಿಧಾನವಾಗಿ ಆರಿದರೆ ಹರಳು ಹರಳಾಗಿ ಬರುತ್ತದೆ. ಕಮ್ಮಾರನ ಮಾತನ್ನು ಅವನನ್ನೇ ಕೇಳದೆ ಎರವಲು ತಂದರೆ ಅದೂ ಎರವಲೇ.

— ಮೈಸೂರಿನಿಂದ:
ತುಪ್ಪದ ಮಾತಿನಲ್ಲಿ ವಿಜ್ಞಾನ ಬರೆಯಲಾಗದು.

— ತೀರ್ಥಹಳ್ಳಿಯಿಂದ:
ಯಾಕಾಗದು? ಬಸ್ಸು, ಕಾಫಿ ಬಂದಾಗ ನಾನು ತಕರಾರು ಮಾಡಲಿಲ್ಲ. ಅವು ನಮ್ಮಲ್ಲಿ ಇರಲಿಲ್ಲ. ಹರಳು ಮನೆಯಲ್ಲೇ ಇದೆ. ಮನೆಯಲ್ಲಿದ್ದದ್ದನ್ನು ಬಿಟ್ಟು ಸ್ಫಟಿಕೀಕರಣ ಅಂತ ಮಕ್ಕಳ ಬಾಯಿಗೆ ತುರುಕುವುದಕ್ಕೆ ನನ್ನ ವಿರೋಧ. ಹದದ ವಿಷಯ ಸಾಗರದವರು ಹೇಳಿದ್ದು ಸರಿ, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

— ಕೇಳಿದವರಿಂದ:
ಎಲ್ಲರಿಗೂ ಥ್ಯಾಂಕ್ಸ್. ಬೋರ್ಡು ಬರೆಸಿದೆ: 'ಹರಳುಗಟ್ಟಿಸುವ ಒಲೆ. ಲೋಟ ಬೆಳ್ಳಗಾಗುವ ತನಕ ತೆಗೆಯಬೇಡಿ.' ಹುಡುಗರಿಗೆ ತೋರಿಸಿದೆ, ಯಾರೂ ಅರ್ಥ ಕೇಳಲಿಲ್ಲ. ಇನ್ನೊಂದು ಪದ ಬೇಕಿದೆ. ಹರಳು ಜಾಸ್ತಿಯಾದಷ್ಟೂ ನೀರು ಒಳಗೆ ಇಳಿಯುವುದು ತಡ, ಹಾಗಾಗಿ ಲೋಟ ಗೊಬ್ಬರವಾಗುವುದೂ ತಡ. ಇದನ್ನು ಡಬ್ಬಿಯ ಮೇಲೆ ಹಾಕಲೇಬೇಕು, ಕೊಳ್ಳುವವರಿಗೆ ಗೊತ್ತಿರಬೇಕು. ಕ್ರಿಸ್ಟಲಿನಿಟಿಗೆ, ಅಂದರೆ ಎಷ್ಟು ಭಾಗ ಹರಳಾಗಿದೆ ಅನ್ನೋದಕ್ಕೆ, 'ಹರಳಿನ ಪಾಲು' ಅಂದರೆ ನಡೆಯುತ್ತಾ? ಶುಕ್ರವಾರ ಅಚ್ಚಿಗೆ ಕೊಡಬೇಕು.