ಪದಚರ್ಚೆ: ಪ್ರಶ್ನೆಪತ್ರಿಕೆಯ ‘ನಿರೂಪಿಸಿ’. ಹೇಳಬೇಕೋ, ಸಾಧಿಸಬೇಕೋ?

ಪ್ರಶ್ನೆ: ಪ್ರೌಢಶಾಲೆಯ ಗಣಿತದಲ್ಲಿ ‘ಪೈಥಾಗೊರಸ್‌ನ ಪ್ರಮೇಯವನ್ನು ನಿರೂಪಿಸಿ ಮತ್ತು ಸಾಧಿಸಿ’ ಎಂದು ಕೇಳುತ್ತಾರೆ. ವಿಜ್ಞಾನದಲ್ಲಿ ‘ಓಮ್‌ನ ನಿಯಮವನ್ನು ನಿರೂಪಿಸಿ’. ಕನ್ನಡದಲ್ಲಿ ‘ಈ ಪ್ರಸಂಗವನ್ನು ನಿಮ್ಮ ಮಾತುಗಳಲ್ಲಿ ನಿರೂಪಿಸಿ’. ಇನ್ನು ಶಾಲಾ ವಾರ್ಷಿಕೋತ್ಸವದ ವರದಿಯಲ್ಲಿ ‘ಕಾರ್ಯಕ್ರಮ ನಿರೂಪಿಸಿದರು’. ಇಷ್ಟೂ ಒಂದೇ ಪದವೇ? ಬೆಂಗಳೂರಿನ ತರಗತಿಗಳಲ್ಲಿ ಸಾಕಷ್ಟು ಮಕ್ಕಳು ಇದನ್ನು ‘ಪ್ರೂವ್ ಮಾಡಿ’ ಎಂದೇ ಓದಿಕೊಳ್ಳುತ್ತಾರೆ. ಅದು ತಪ್ಪೇ? ಇಂಥ ಪದವನ್ನು ಕಲಿಸಬೇಕಾದವರು ಕನ್ನಡ ಮೇಷ್ಟ್ರೋ, ಗಣಿತದವರೋ?

ಉತ್ತರ: ಪದ ಒಂದೇ. ನಿ + ರೂಪ. ಮಸುಕಾಗಿದ್ದುದಕ್ಕೆ ಸ್ಪಷ್ಟ ರೂಪ ಕೊಟ್ಟು ಮುಂದಿಡುವುದು. ಸಂಸ್ಕೃತದಲ್ಲಿ ಗಮನವಿಟ್ಟು ನೋಡು, ನಿರ್ಧರಿಸು, ಲಕ್ಷಣ ಹೇಳು ಎಂಬ ಅರ್ಥಗಳಿವೆ. ನಾಟಕಗಳ ರಂಗಸೂಚನೆಯಲ್ಲಿ ‘ಅಭಿನಯಿಸಿ ತೋರಿಸು’ ಎಂಬುದೂ ಉಂಟು. ಹಳೆಯ ಕನ್ನಡ ಕಾಗದಪತ್ರಗಳಲ್ಲಿ ‘ನಿರೂಪ’ ಎಂದರೆ ಅರಸನ ಅಪ್ಪಣೆ. ಕಥೆಯ ನಿರೂಪಣೆ, ವೇದಿಕೆಯ ನಿರೂಪಣೆ, ನಿಯಮದ ನಿರೂಪಣೆ ಎಲ್ಲವೂ ಈ ಬೇರಿನ ಚಿಗುರುಗಳೇ.

ಮಕ್ಕಳು ‘ಪ್ರೂವ್’ ಎಂದು ಓದುವುದಕ್ಕೆ ಕಾರಣ ಸೋಮಾರಿತನವಲ್ಲ. ತೆಲುಗಿನ ‘ನಿರೂಪಿಂಚು’, ತಮಿಳಿನ ‘ನಿರೂಪಿ’ ಎರಡರ ಅರ್ಥವೂ ಸಾಬೀತು ಮಾಡು ಎಂದೇ. ಮನೆಯಲ್ಲಿ ತೆಲುಗು ಅಥವಾ ತಮಿಳು ಆಡುವ ಮಗು ಸರಿಯಾದ ಅರ್ಥವನ್ನೇ ಹೊತ್ತು ತಂದಿದೆ, ಬೇರೆ ಭಾಷೆಯಿಂದ. ಕನ್ನಡದಲ್ಲೂ ‘ತನ್ನ ಸಾಮರ್ಥ್ಯವನ್ನು ನಿರೂಪಿಸಿದ’ ಎಂಬ ಬಳಕೆ ಇದೆ, ಆದ್ದರಿಂದ ಅದನ್ನು ತಪ್ಪು ಎನ್ನಲಾಗದು. ಮಲಯಾಳದ ಮಗುವಿಗೆ ‘ನಿರೂಪಣ’ ಎಂದರೆ ಸಾಹಿತ್ಯ ವಿಮರ್ಶೆ, ಮರಾಠಿಯ ಮಗುವಿಗೆ ಕೀರ್ತನಕಾರರ ವಿವರಣೆ. ಒಂದೇ ತರಗತಿಯಲ್ಲಿ ಇವರೆಲ್ಲ ಒಟ್ಟಿಗೆ ಕೂತಿರುವ ಊರು ನಮ್ಮದು.

ಗಣಿತ, ವಿಜ್ಞಾನದ ಪ್ರಶ್ನೆಪತ್ರಿಕೆಯ ಭಾಷೆಯಲ್ಲಿ ಮಾತ್ರ ಅರ್ಥ ಬಿಗಿಯಾಗಿದೆ: ನಿರೂಪಿಸಿ ಎಂದರೆ ನಿಯಮವನ್ನೋ ಪ್ರಮೇಯವನ್ನೋ ಪೂರ್ಣ ವಾಕ್ಯದಲ್ಲಿ ಬರೆಯಿರಿ. ಕಾರಣ ಬೇಡ, ಚಿತ್ರ ಬೇಡ, ಪ್ರಯೋಗ ಬೇಡ. ತಪ್ಪುವುದು ಎರಡು ಕಡೆ. ‘ಪ್ರೂವ್’ ಎಂದುಕೊಂಡ ಮಗು ಪ್ರಮೇಯದ ಹೇಳಿಕೆ ಬಿಟ್ಟು ನೇರ ದತ್ತ (ಕೊಟ್ಟಿರುವುದು), ಸಾಧನೀಯಕ್ಕೆ (ಸಾಧಿಸಬೇಕಾದುದು) ಹೋಗುತ್ತದೆ; ಹೇಳಿಕೆಯ ಅಂಕ ಹೋಯಿತು. ಓಮ್‌ನ ನಿಯಮಕ್ಕೆ ಅದೇ ಮಗು ಮಂಡಲದ ಚಿತ್ರ, ಕೋಷ್ಟಕ, ನಕ್ಷೆ ಎಲ್ಲ ಬರೆದು ಒಂದು ಅಂಕಕ್ಕೆ ಹತ್ತು ನಿಮಿಷ ಕಳೆಯುತ್ತದೆ. ಇನ್ನೊಂದು ಮಗು ‘ವಿ = ಐ ಆರ್’ ಎಂದಷ್ಟೇ ಬರೆದು ಮುಗಿಸುತ್ತದೆ. ಅದು ಸೂತ್ರ, ನಿಯಮ ಅಲ್ಲ. ‘ಸ್ಥಿರ ತಾಪದಲ್ಲಿ ವಾಹಕದ ತುದಿಗಳ ನಡುವಿನ ವಿಭವಾಂತರವು ಅದರ ಮೂಲಕ ಹರಿಯುವ ವಿದ್ಯುತ್ ಪ್ರವಾಹಕ್ಕೆ ನೇರ ಅನುಪಾತದಲ್ಲಿರುತ್ತದೆ’ ಎಂಬಲ್ಲಿ ‘ಸ್ಥಿರ ತಾಪದಲ್ಲಿ’ ಎಂಬ ಷರತ್ತು ಸೂತ್ರದಲ್ಲಿ ಕಾಣುವುದಿಲ್ಲ. ನಿರೂಪಿಸಿ ಎಂದಾಗ ಷರತ್ತನ್ನೂ ಸೇರಿಸಿ ಬರೆಯಬೇಕು. ಇದನ್ನು ಯಾವ ನೋಟ್ಸಿನಲ್ಲೂ ಪ್ರತ್ಯೇಕವಾಗಿ ಬರೆಸುವುದಿಲ್ಲ, ವಿಚಿತ್ರ.

ಕಲಿಸುವ ವಿಷಯಕ್ಕೆ ಬಂದರೆ, ‘ನಿರೂಪಿಸು = ಹೇಳು’ ಎಂದು ಪದಾರ್ಥ ಬರೆಸಿದರೆ ಏನೂ ಆಗದು. ‘ವಿವರಿಸು’ ಎಂದರೂ ಹೇಳುವುದೇ, ‘ತಿಳಿಸಿ’ ಎಂದರೂ ಹೇಳುವುದೇ. ಆಜ್ಞಾಪದಗಳು ಒಂಟಿಯಾಗಿ ಅರ್ಥವಾಗುವುದಿಲ್ಲ. ಪಕ್ಕದಲ್ಲಿ ಇನ್ನೆರಡನ್ನು ನಿಲ್ಲಿಸಿದಾಗಲೇ ಗೆರೆ ಕಾಣುವುದು. ಆದ್ದರಿಂದ ಒಂದೇ ವಸ್ತು, ಮೂರು ಆಜ್ಞೆ. ಪೈಥಾಗೊರಸ್ ಇದಕ್ಕೆ ಹೇಳಿ ಮಾಡಿಸಿದ್ದು. ಕಪ್ಪುಹಲಗೆಯನ್ನು ಮೂರು ಪಾಲು ಮಾಡಿ. ಮೊದಲನೆಯದರಲ್ಲಿ ‘ನಿರೂಪಿಸಿ’: ಲಂಬಕೋನ ತ್ರಿಭುಜದಲ್ಲಿ ವಿಕರ್ಣದ ಮೇಲಿನ ವರ್ಗವು ಉಳಿದೆರಡು ಬಾಹುಗಳ ಮೇಲಿನ ವರ್ಗಗಳ ಮೊತ್ತಕ್ಕೆ ಸಮ. ಒಂದು ವಾಕ್ಯ, ಪೂರ್ಣವಿರಾಮ. ಎರಡನೆಯದರಲ್ಲಿ ‘ತಾಳೆ ನೋಡಿ’: 3, 4, 5 ತೆಗೆದುಕೊಂಡು 9 + 16 = 25. ಮೂರನೆಯದರಲ್ಲಿ ‘ಸಾಧಿಸಿ’: ದತ್ತ, ಸಾಧನೀಯ, ರಚನೆ, ಸಾಧನೆ. ಈಗ ಕೇಳಬೇಕಾದ ಪ್ರಶ್ನೆ: 3, 4, 5ಕ್ಕೆ ಸರಿಹೋಯಿತಲ್ಲ, ಸಾಧಿಸಿದಂತಾಯಿತೇ? ಇಲ್ಲಿ ತರಗತಿ ಎರಡು ಬಣವಾಗುತ್ತದೆ. ಆ ಜಗಳಕ್ಕೆ ಮೂರು ನಿಮಿಷ ಬಿಡಿ. ಒಂದು ತ್ರಿಭುಜಕ್ಕೆ ಸರಿಹೋಗುವುದು ತಾಳೆ, ಎಲ್ಲ ಲಂಬಕೋನ ತ್ರಿಭುಜಗಳಿಗೂ ಸರಿ ಎಂದು ತೋರಿಸುವುದು ಸಾಧನೆ ಎಂಬುದು ಮಕ್ಕಳ ಬಾಯಿಂದಲೇ ಬಂದರೆ ಮತ್ತೆ ಮರೆಯುವುದಿಲ್ಲ.

ಆಮೇಲೆ ನಾಲ್ಕು ಚೀಟಿ. ಓಮ್‌ನ ನಿಯಮದ ಮೇಲೆ ನಾಲ್ಕು ಬಗೆಯ ಉತ್ತರ ಮೊದಲೇ ಬರೆದಿಟ್ಟಿರಿ: ಬರೀ ಸೂತ್ರ, ಷರತ್ತಿಲ್ಲದ ವಾಕ್ಯ, ಪೂರ್ಣ ವಾಕ್ಯ, ಪ್ರಯೋಗದ ವಿವರ. ಜೋಡಿಯಾಗಿ ಕೂತ ಮಕ್ಕಳು ಯಾವುದು ‘ನಿರೂಪಿಸಿ’ಗೆ ಸರಿ, ಉಳಿದವು ಯಾವ ಪ್ರಶ್ನೆಗೆ ಸರಿಯಾದಾವು ಎಂದು ಹೇಳಬೇಕು. ಉತ್ತರದಿಂದ ಪ್ರಶ್ನೆಗೆ ಹಿಂದಕ್ಕೆ ನಡೆಯುವುದರಿಂದ ಕಂಠಪಾಠದ ಆಸರೆ ತಪ್ಪುತ್ತದೆ. ಒಟ್ಟು 12 ರಿಂದ 15 ನಿಮಿಷ ಸಾಕು.

ಒಂದೇ ದಿನ ಕಲಿಸಿ ಬಿಟ್ಟರೆ ನಿಲ್ಲುವುದಿಲ್ಲ. ಮರುದಿನ, ಒಂದು ವಾರಕ್ಕೆ, ಮತ್ತೆ ಮೂರು ವಾರಕ್ಕೆ ಒಂದೊಂದು ಪ್ರಶ್ನೆ. ಕೊನೆಯದು ಬೇರೆ ವಿಷಯದ ಪೀರಿಯಡ್ಡಿನಲ್ಲಿ ಬರಲಿ. ವಾರಕ್ಕೆ ಐದಾರು ಪದ ಮಿತಿ. ಪಾಠದ ಕೊನೆಯ ಇಪ್ಪತ್ತು ಪದಾರ್ಥ ಬರೆಸಿ ಶುಕ್ರವಾರ ಉಕ್ತಲೇಖನ ಕೊಟ್ಟರೆ ಪರೀಕ್ಷೆಯಾಗುವುದು ಕಾಗುಣಿತ, ಅರ್ಥವಲ್ಲ. ‘ಅರ್ಥ ಆಯ್ತಾ?’ ಎಂದರೆ ‘ಆಯ್ತು ಮಿಸ್’ ಎಂಬ ಸಮೂಹಗಾನ ಬಂದೇ ಬರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಯಾರು ಕಲಿಸಬೇಕು? ಪಾರಿಭಾಷಿಕ ಪದಗಳನ್ನು ಆಯಾ ವಿಷಯದವರು ಹೇಗೂ ಕಲಿಸುತ್ತಾರೆ; ‘ದ್ಯುತಿಸಂಶ್ಲೇಷಣೆ’ ಎಂಬುದು ಹೊಸದೆಂದು ಮಗುವಿಗೂ ಗೊತ್ತು, ಮೇಷ್ಟ್ರಿಗೂ ಗೊತ್ತು. ಅನಾಥವಾಗುವುದು ನಿರೂಪಿಸು, ಸಮರ್ಥಿಸು, ಸೂಚಿಸು, ಅನ್ವಯಿಸು ಮುಂತಾದವು. ಎಲ್ಲ ವಿಷಯದಲ್ಲೂ ಬರುವುದರಿಂದ ಯಾರ ಪಾಲಿಗೂ ಬರುವುದಿಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಇಸಾಬೆಲ್ ಬೆಕ್ ಮತ್ತು ಸಂಗಡಿಗರು ಪದಗಳನ್ನು ಮೂರು ಸ್ತರ ಮಾಡಿ (ದಿನಬಳಕೆಯವು, ಹಲವು ವಿಷಯಗಳಲ್ಲಿ ಬರುವವು, ಒಂದೇ ವಿಷಯದವು) ಎರಡನೆಯ ಸ್ತರಕ್ಕೇ ಹೆಚ್ಚು ಒತ್ತು ಕೊಡಿ ಎಂದದ್ದು ಇಂಥವನ್ನು ಕುರಿತೇ. ಸ್ಟಾಫ್ ರೂಮಿನ ಗೋಡೆಗೆ ಒಂದು ಹಾಳೆ ಅಂಟಿಸಿ, ಪ್ರತಿ ಪದದ ಮುಂದೆ ಗಣಿತ, ವಿಜ್ಞಾನ, ಸಮಾಜ, ಕನ್ನಡದವರು ತಮ್ಮ ವಿಷಯದ ಒಂದು ನಿಜವಾದ ಪ್ರಶ್ನೆ ಬರೆಯಲಿ. ಅರ್ಥ ಬರೆಯುವುದು ಬೇಡ, ಪ್ರಶ್ನೆ ಸಾಕು. ಕನ್ನಡದವರ ಪ್ರಶ್ನೆಯಲ್ಲಿ ‘ನಿರೂಪಿಸಿ’ ಒಂದು ಪುಟ ಬೇಡುತ್ತದೆ, ವಿಜ್ಞಾನದವರದ್ದು ಒಂದು ಸಾಲು ಎಂಬುದು ಅಲ್ಲೇ ಎದ್ದು ಕಾಣುತ್ತದೆ. ಆಗ ಯಾರು ಮೊದಲು ಕಲಿಸಬೇಕೆಂಬುದೂ ಇತ್ಯರ್ಥವಾಗುತ್ತದೆ: ವರ್ಷದಲ್ಲಿ ಯಾರ ಪಾಠಕ್ಕೆ ಆ ಪದ ಮೊದಲು ಬೇಕೋ ಅವರು.

ಮರುಪ್ರಶ್ನೆ: ಆಜ್ಞಾಪದಗಳ ಮಾತು ಸರಿ. ಆದರೆ ನಾಮಪದಗಳಲ್ಲೂ ಇದೇ ಗೋಳಲ್ಲವೇ? ‘ಅಣು’, ‘ಘನ’, ‘ವೃತ್ತ’?

ಉತ್ತರ: ಹೌದು, ಆದರೆ ಮದ್ದು ಬೇರೆ. ‘ಅಣು’ವಿನದು ನಿಜವಾದ ಘರ್ಷಣೆ. ಪಠ್ಯದಲ್ಲಿ ಪರಮಾಣು ಚಿಕ್ಕದು, ಪರಮಾಣುಗಳು ಸೇರಿ ಅಣು. ಪತ್ರಿಕೆಯಲ್ಲಿ ಅಣುಬಾಂಬು, ಕೈಗಾದ ಅಣು ವಿದ್ಯುತ್ ಸ್ಥಾವರ. ಅಲ್ಲಿ ಒಡೆಯುವುದು ಅಣುವಲ್ಲ, ಪರಮಾಣುವಿನ ಬೀಜ. ಇದನ್ನು ಎದುರಾಬದುರಾ ಬರೆದು ‘ಪತ್ರಿಕೆಯ ಅಣು, ಪಾಠದ ಪರಮಾಣು’ ಎಂದು ನೇರವಾಗಿ ಹೇಳಿಬಿಡಬೇಕು. ಊಹಿಸಲು ಬಿಟ್ಟರೆ ಅನಾಹುತ.

‘ಘನ’ದಲ್ಲಿ ಘರ್ಷಣೆಯಿಲ್ಲ, ಕವಲುಗಳಿವೆ: 3ರ ಘನ 27, ಘನ ದ್ರವ ಅನಿಲ, ಘನ ತ್ಯಾಜ್ಯ, ಘನ ನ್ಯಾಯಾಲಯ. ಇಲ್ಲಿ ಜೊತೆಪದವೇ ದಾರಿ ತೋರುತ್ತದೆ, ಆದ್ದರಿಂದ ಒಂಟಿ ‘ಘನ’ವನ್ನು ಕಲಿಸದೆ ಯಾವಾಗಲೂ ಜೋಡಿಯಾಗಿ ಕಲಿಸಿ. ಮಂಜುಗಡ್ಡೆಯ ಟ್ರೇಯಿಂದ ತೆಗೆದ ತುಂಡು ಆಕಾರದಲ್ಲೂ ಸ್ಥಿತಿಯಲ್ಲೂ, ಎರಡರ್ಥದಲ್ಲೂ ಘನ. ಅದನ್ನು ಮೇಜಿನ ಮೇಲಿಟ್ಟರೆ ಕರಗುವಷ್ಟರಲ್ಲಿ ಎರಡೂ ಅರ್ಥ ಹೋಗುತ್ತವೆ.

‘ವೃತ್ತ’ ಸುಲಭ. ಗಣಿತದ್ದೊಂದು, ಛಂದಸ್ಸಿನದೊಂದು (ಚಂಪಕಮಾಲೆಯ ಪಾದಕ್ಕೆ 21 ಅಕ್ಷರ, ಉತ್ಪಲಮಾಲೆಗೆ 20), ಪೊಲೀಸಿನ ವೃತ್ತ ನಿರೀಕ್ಷಕರದ್ದೊಂದು. ರಸ್ತೆಗಳು ಕೂಡುವ ಜಾಗವೂ ವೃತ್ತವೇ; ಬೆಂಗಳೂರಿನ ಮೈಸೂರು ಬ್ಯಾಂಕ್ ವೃತ್ತದಲ್ಲಿ ತ್ರಿಜ್ಯ ಎಲ್ಲಿದೆ ಎಂದು ಹುಡುಕುವವರಿಗೆ ಸಿಗ್ನಲ್ಲಷ್ಟೇ ಸಿಗುವುದು.